ಕಾರಿನ ಎಸಿ ತಂಪಾಗುತ್ತಿಲ್ಲವೇ? ಗ್ಯಾಸ್ ತುಂಬಿಸುವ ಮುನ್ನ ಸೋರಿಕೆ ಹುಡುಕಿ

ಬೇಸಿಗೆ ಕಾಲಿಡುತ್ತಿದ್ದಂತೆ ಕಾರು ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು, 'ಎಸಿ ಗ್ಯಾಸ್ ಖಾಲಿಯಾಗಿದೆ, ತುಂಬಿಸಿ' ಎಂಬುದು. ತುಂಬಿಸಿದ ಮೇಲೆ ಕೆಲವು ವಾರ ತಂಪು ಗಾಳಿ ಬರುತ್ತದೆ. ಅನಂತರ ಮತ್ತದೇ ಕಥೆ! ವಾಸ್ತವವಾಗಿ ಎಸಿ ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಮುಚ್ಚಿದ ಕೊಳವೆಗಳೊಳಗೆ ಅದೇ ಅನಿಲ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ರಬ್ಬರ್ ಹೋಸ್ ಮತ್ತು ಸೀಲುಗಳ ಮೂಲಕ ಅಲ್ಪ ಪ್ರಮಾಣದಲ್ಲಿ ಜಿನುಗುವುದು ಸಹಜ. ಆದರೆ ಒಂದೇ ಬೇಸಿಗೆಯಲ್ಲಿ ಖಾಲಿಯಾಯಿತೆಂದರೆ ಎಲ್ಲೋ ಸೋರಿಕೆ ಇದೆ ಎಂದೇ ಅರ್ಥ.

ಕಾರ್ಯವಿಧಾನ

ಎಂಜಿನ್‌ನ ಬೆಲ್ಟ್‌ನಿಂದ ತಿರುಗುವ ಕಂಪ್ರೆಸರ್ ಅನಿಲವನ್ನು ಒತ್ತಿ ಬಿಸಿ ಮಾಡುತ್ತದೆ. ರೇಡಿಯೇಟರ್‌ನ ಮುಂಭಾಗದಲ್ಲಿರುವ ಕಂಡೆನ್ಸರ್‌ನಲ್ಲಿ ಆ ಬಿಸಿ ಹೊರಹೋಗಿ ಅನಿಲವು ದ್ರವವಾಗುತ್ತದೆ. ಎಕ್ಸ್‌ಪ್ಯಾನ್ಷನ್ ವಾಲ್ವ್‌ನ ಸಣ್ಣ ರಂಧ್ರ ದಾಟಿದೊಡನೆ ಒತ್ತಡ ಕುಸಿಯುತ್ತದೆ. ಡ್ಯಾಶ್‌ಬೋರ್ಡ್ ಹಿಂದಿನ ಇವ್ಯಾಪರೇಟರ್‌ನಲ್ಲಿ ದ್ರವವು ಆವಿಯಾಗುತ್ತಾ ಒಳಗಿನ ಗಾಳಿಯ ಶಾಖವನ್ನು ಹೀರುತ್ತದೆ. ಈ ನಾಲ್ಕರಲ್ಲಿ ಯಾವುದು ಕೈಕೊಟ್ಟರೂ ತಂಪು ಕಡಿಮೆಯಾಗುತ್ತದೆ.

ಮೊದಲು ಸುಲಭದ ಪರೀಕ್ಷೆ

ಗ್ಯಾರೇಜಿಗೆ ಹೋಗುವ ಮುನ್ನ ಕಾರಿನ ಮಾಲೀಕರೇ ಗಮನಿಸಬಹುದಾದ ಲಕ್ಷಣಗಳಿವೆ. ಗಾಳಿಯ ವೇಗವೇ ಕಡಿಮೆಯಾಗಿದ್ದರೆ ಕ್ಯಾಬಿನ್ ಫಿಲ್ಟರ್‌ನಲ್ಲಿ ಧೂಳು ಕಟ್ಟಿರಬಹುದು. ಗ್ಯಾಸ್‌ಗೂ ಇದಕ್ಕೂ ಸಂಬಂಧವಿಲ್ಲ. ಹೆದ್ದಾರಿಯಲ್ಲಿ ತಂಪಾಗಿದ್ದು, ಬೆಂಗಳೂರಿನಂಥ ನಗರದ ಸಿಗ್ನಲ್‌ಗಳಲ್ಲಿ ನಿಂತಾಗ ಬಿಸಿ ಗಾಳಿ ಬಂದರೆ ಕಂಡೆನ್ಸರ್ ಫ್ಯಾನ್ ಮೇಲೆ ಅನುಮಾನ ಪಡಬೇಕು. ಕೆಟ್ಟ ವಾಸನೆ ಬಂದರೆ ಇವ್ಯಾಪರೇಟರ್ ಮೇಲೆ ಬೂಷ್ಟು ಬೆಳೆದಿರುವ ಸಾಧ್ಯತೆ ಹೆಚ್ಚು. ಕಾರಿನ ಅಡಿಯಲ್ಲಿ ಶುದ್ಧ ನೀರು ತೊಟ್ಟಿಕ್ಕುವುದು ದೋಷವಲ್ಲ. ಅದು ಗಾಳಿಯ ತೇವಾಂಶ ನೀರಾದುದು. ಆ ನೀರು ಕಾಲಿನ ಬಳಿಯ ಕಾರ್ಪೆಟ್ ಮೇಲೆ ಬಿದ್ದರೆ ಮಾತ್ರ ಡ್ರೇನ್ ಕೊಳವೆ ಕಟ್ಟಿದೆ ಎಂದು ತಿಳಿಯಬೇಕು.

ಗೇಜ್ ಹೇಳುವ ಸತ್ಯ

ಮುಂದಿನ ಹಂತ ಪರಿಣತರದು. ನೀಲಿ ಗೇಜ್ ಕಡಿಮೆ ಒತ್ತಡದ ಭಾಗವನ್ನೂ, ಕೆಂಪು ಗೇಜ್ ಹೆಚ್ಚು ಒತ್ತಡದ ಭಾಗವನ್ನೂ ಅಳೆಯುತ್ತದೆ. ಎರಡೂ ತೀರಾ ಕೆಳಗಿದ್ದರೆ ಗ್ಯಾಸ್ ಕೊರತೆ. ನೀಲಿ ಮೇಲಿದ್ದು ಕೆಂಪು ಕೆಳಗಿದ್ದರೆ ಕಂಪ್ರೆಸರ್ ದುರ್ಬಲವಾಗಿರಬಹುದು. ಎರಡೂ ಅತಿಯಾಗಿ ಏರಿದ್ದರೆ ಗ್ಯಾಸ್ ಹೆಚ್ಚಾಗಿದೆ, ಇಲ್ಲವೇ ಕಂಡೆನ್ಸರ್ ಬಿಸಿಯನ್ನು ಹೊರಹಾಕುತ್ತಿಲ್ಲ.

ಆದರೆ ಒತ್ತಡ ನೋಡಿ ಗ್ಯಾಸ್‌ನ ಪ್ರಮಾಣ ನಿರ್ಧರಿಸಲಾಗದು. ಎಂಜಿನ್ ನಿಂತಿರುವಾಗ 30 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಆರ್-134ಎ ಗ್ಯಾಸ್ ಸುಮಾರು 95 ಪಿಎಸ್‌ಐ ಒತ್ತಡ ತೋರಿಸುತ್ತದೆ. ಒಳಗೆ ಸ್ವಲ್ಪವೇ ದ್ರವ ಉಳಿದಿದ್ದರೂ ಇದೇ ಅಂಕಿ, ಪೂರ್ತಿ ತುಂಬಿದ್ದರೂ ಇದೇ ಅಂಕಿ! ಆದ್ದರಿಂದ ಬಾನೆಟ್ ಕೆಳಗಿನ ಚೀಟಿಯಲ್ಲಿ ನಮೂದಿಸಿದಷ್ಟು ಗ್ರಾಂ ಗ್ಯಾಸನ್ನು ತೂಕ ಮಾಡಿಯೇ ತುಂಬಬೇಕು.

ಸೋರಿಕೆ ಎಲ್ಲಿ?

ಕೊಳವೆಯ ಕೀಲುಗಳು, ಓ-ರಿಂಗ್, ಸರ್ವೀಸ್ ವಾಲ್ವ್, ಕಂಪ್ರೆಸರ್‌ನ ಶಾಫ್ಟ್ ಸೀಲ್ ಹಾಗೂ ಕಂಡೆನ್ಸರ್ ಸೋರಿಕೆಯ ಸಾಮಾನ್ಯ ತಾಣಗಳು. ರಸ್ತೆಯಿಂದ ಚಿಮ್ಮುವ ಕಲ್ಲು ಕಂಡೆನ್ಸರ್‌ಗೆ ತೂತು ಮಾಡಬಲ್ಲದು. ಕರಾವಳಿಯ ಉಪ್ಪು ಗಾಳಿ ಅದರ ಅಲ್ಯೂಮಿನಿಯಂ ಅನ್ನು ಸವೆಸುತ್ತದೆ. ಗ್ಯಾಸ್ ಜೊತೆ ಎಣ್ಣೆಯೂ ಹೊರಬರುವುದರಿಂದ ಕೀಲಿನ ಮೇಲಿನ ಜಿಡ್ಡಿನ ಕಲೆಯೇ ಮೊದಲ ಸುಳಿವು. ನೈಟ್ರೋಜನ್ ತುಂಬಿ ಸೋಪಿನ ನೀರು ಹಚ್ಚಿದರೆ ತೂತಿರುವಲ್ಲಿ ಗುಳ್ಳೆ ಏಳುತ್ತದೆ. ಎಲೆಕ್ಟ್ರಾನಿಕ್ ಡಿಟೆಕ್ಟರ್ ಅಥವಾ ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಬಣ್ಣದಿಂದಲೂ ಸೋರಿಕೆಯನ್ನು ಪತ್ತೆ ಹಚ್ಚಬಹುದು.

ದುರಸ್ತಿಯ ಬಳಿಕ ವ್ಯಾಕ್ಯೂಮ್ ಪಂಪ್‌ನಿಂದ ಕನಿಷ್ಠ ಅರ್ಧ ಗಂಟೆ ಕಾಲ ಒಳಗಿನ ಗಾಳಿ ಮತ್ತು ತೇವಾಂಶವನ್ನು ಹೊರತೆಗೆಯುವುದು ಅಗತ್ಯ. ಉಳಿದ ನೀರಿನಂಶ ಎಕ್ಸ್‌ಪ್ಯಾನ್ಷನ್ ವಾಲ್ವ್‌ನಲ್ಲಿ ಮಂಜುಗಡ್ಡೆಯಾಗಿ ದಾರಿ ಮುಚ್ಚುತ್ತದೆ. ಪಂಪ್ ನಿಲ್ಲಿಸಿದ ಮೇಲೆ ಗೇಜ್‌ನ ಮುಳ್ಳು ಮೇಲೇರಿದರೆ ಸೋರಿಕೆ ಇನ್ನೂ ಇದೆ, ಇಲ್ಲವೇ ತೇವಾಂಶ ಉಳಿದಿದೆ ಎಂದು ಅರ್ಥ.

ನಿರ್ಲಕ್ಷ್ಯಕ್ಕೆ ಬೆಲೆ

ಕಂಪ್ರೆಸರ್‌ಗೆ ಎಣ್ಣೆ ತಲುಪುವುದು ಗ್ಯಾಸ್‌ನ ಜೊತೆಯಲ್ಲೇ. ಗ್ಯಾಸ್ ತೀರಾ ಕಡಿಮೆಯಾದರೆ ಪ್ರೆಷರ್ ಸ್ವಿಚ್ ಕಂಪ್ರೆಸರನ್ನು ನಿಲ್ಲಿಸುತ್ತದೆ. ಗ್ಯಾಸ್ ಸಾಲದೆಂದು ಈ ಸ್ವಿಚ್ಚನ್ನೇ ತಪ್ಪಿಸಿ ಓಡಿಸುವುದು ಅಪಾಯಕಾರಿ. ಎಣ್ಣೆಯಿಲ್ಲದೆ ಕಂಪ್ರೆಸರ್ ಸವೆದರೆ ಲೋಹದ ಚೂರುಗಳು ಕೊಳವೆಗಳಿಗೆ ಹರಡಿ, ಕಂಡೆನ್ಸರ್ ಮತ್ತು ಡ್ರೈಯರ್ ಕೂಡ ಬದಲಿಸಬೇಕಾಗುತ್ತದೆ. ಒಂದು ಓ-ರಿಂಗ್‌ನ ಕೆಲಸ ಹೀಗೆ ಸಾವಿರಾರು ರೂಪಾಯಿಗಳ ಖರ್ಚಾಗುತ್ತದೆ.

ಪರಿಸರದ ಹಾನಿಯೂ ಕಡಿಮೆಯಲ್ಲ. ಓಜೋನ್ ಪದರ ರಕ್ಷಿಸುವ 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಹಳೆಯ ಆರ್-12 ಬದಲಿಗೆ ಬಂದ ಆರ್-134ಎ ಓಜೋನ್‌ಗೆ ಹಾನಿ ಮಾಡುವುದಿಲ್ಲ. ಆದರೆ 100 ವರ್ಷಗಳ ಲೆಕ್ಕದಲ್ಲಿ ಭೂಮಿಯನ್ನು ಬಿಸಿ ಮಾಡುವ ಅದರ ಶಕ್ತಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 1,400 ಪಟ್ಟು ಹೆಚ್ಚು. ಇಂಥ ಅನಿಲಗಳ ಬಳಕೆ ತಗ್ಗಿಸುವ 2016ರ ಕಿಗಾಲಿ ತಿದ್ದುಪಡಿಗೆ ಭಾರತ 2021ರಲ್ಲಿ ಅನುಮೋದನೆ ನೀಡಿದೆ. ಸೋರುವ ಕಾರಿಗೆ ಪ್ರತಿವರ್ಷ ತುಂಬುವ ಗ್ಯಾಸ್ ಕೊನೆಗೆ ಸೇರುವುದು ವಾತಾವರಣವನ್ನೇ.

ಹಾಗಾಗಿ ಗ್ಯಾರೇಜಿನಲ್ಲಿ ಮೂರು ಪ್ರಶ್ನೆ ಕೇಳುವುದು ಒಳಿತು: ಸೋರಿಕೆ ಎಲ್ಲಿ ಸಿಕ್ಕಿತು? ವ್ಯಾಕ್ಯೂಮ್ ಎಷ್ಟು ಹೊತ್ತು ಮಾಡಲಾಯಿತು? ಎಷ್ಟು ಗ್ರಾಂ ಗ್ಯಾಸ್ ತುಂಬಲಾಯಿತು? ಮೂರಕ್ಕೂ ಉತ್ತರ ಸಿಕ್ಕಮೇಲಷ್ಟೇ ಹಣ ಪಾವತಿಸುವುದು ಜಾಣತನ.