ಪ್ರಶ್ನೆ ಪ್ರಯಾಣ ಮಾಡಲಿ, ಡೇಟಾ ಇದ್ದಲ್ಲೇ ಇರಲಿ

ಸೀರೆ ಮಾರುವ ಒಂದು ದೊಡ್ಡ ಕಂಪನಿ ಇದೆ ಎಂದುಕೊಳ್ಳಿ. ಗ್ರಾಹಕರ ವಿವರವೆಲ್ಲ ಬೆಂಗಳೂರಿನ ಸರ್ವರ್‌ಗಳಲ್ಲಿದೆ, ಮಾರಾಟದ ಲೆಕ್ಕ ಮುಂಬೈಯಲ್ಲಿದೆ. ಮ್ಯಾನೇಜರ್ ಕೇಳುವ ಪ್ರಶ್ನೆ ಸಣ್ಣದು: ಹುಬ್ಬಳ್ಳಿಯ ಗ್ರಾಹಕರು ದಸರೆಯ ವಾರದಲ್ಲಿ ಒಟ್ಟು ಎಷ್ಟು ರೂಪಾಯಿಯ ಸೀರೆ ಕೊಂಡರು? ಉತ್ತರ ಒಂದೇ ಒಂದು ಅಂಕಿ. ಆದರೆ ಬೆಂಗಳೂರಿಗೆ ಹುಬ್ಬಳ್ಳಿಯವರು ಯಾರೆಂದು ಗೊತ್ತು, ಅವರು ಏನು ಕೊಂಡರೆಂದು ಗೊತ್ತಿಲ್ಲ. ಮುಂಬೈಗೆ ಮಾರಾಟ ಗೊತ್ತು, ಕೊಂಡವರ ಊರು ಗೊತ್ತಿಲ್ಲ.

ಇಂಥ ಕಡೆ ಬಹುಕಾಲದಿಂದ ನಡೆದುಬಂದ ಉಪಾಯ ನಕಲು ಮಾಡುವುದು. ರಾತ್ರಿಯಿಡೀ ಮುಂಬೈ ಡೇಟಾವನ್ನು ಬೆಂಗಳೂರಿಗೆ ತುಂಬಿಸಿ, ಬೆಳಿಗ್ಗೆ ಅದರ ಮೇಲೆ ಪ್ರಶ್ನೆ ಕೇಳುವುದು. ಕೆಲಸವೇನೋ ಆಗುತ್ತದೆ. ಆದರೆ ಸಿಕ್ಕಿದ್ದು ನಿನ್ನೆಯ ಲೆಕ್ಕ. ಸಂಗ್ರಹದ ಖರ್ಚು ಎರಡು ಪಟ್ಟು. ನಾಲ್ಕು ದಿನ ಕಳೆದರೆ ಮೂಲ ಒಂದು ಹೇಳುತ್ತದೆ, ನಕಲು ಇನ್ನೊಂದು. ಎಲ್ಲಕ್ಕಿಂತ ಮುಖ್ಯವಾಗಿ, ಕೆಲವು ಡೇಟಾವನ್ನು ಕದಲಿಸುವ ಹಾಗೇ ಇಲ್ಲ. ಪಾವತಿ ವ್ಯವಸ್ಥೆಗಳ ಡೇಟಾವನ್ನು ಭಾರತದಲ್ಲೇ ಇಡಬೇಕೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಆದೇಶಿಸಿತು. ಮರುತಿಂಗಳೇ ಯುರೋಪಿನ ಖಾಸಗಿತನದ ಕಾನೂನು ಜಿಡಿಪಿಆರ್ ಜಾರಿಗೆ ಬಂದು, ಅಲ್ಲಿನವರ ವೈಯಕ್ತಿಕ ವಿವರ ಗಡಿ ದಾಟಲು ಕಟ್ಟುನಿಟ್ಟಿನ ಷರತ್ತು ಹಾಕಿತು.

ಹಾಗಾದರೆ ಡೇಟಾದ ಬದಲು ಪ್ರಶ್ನೆಯನ್ನೇ ಕಳಿಸಬಾರದೇಕೆ? ಫೆಡರೇಟೆಡ್ ಕ್ವೆರಿ ಎಂಬ ತಂತ್ರದ ತಿರುಳೇ ಇದು. ಒಕ್ಕೂಟದಲ್ಲಿ ಪ್ರತಿ ರಾಜ್ಯಕ್ಕೂ ಅದರದೇ ಆಡಳಿತ ಇರುವಂತೆ ಇಲ್ಲಿ ಪ್ರತಿ ಡೇಟಾಬೇಸ್ ತನ್ನ ಜಾಗದಲ್ಲಿ, ತನ್ನ ಯಜಮಾನಿಕೆಯಲ್ಲಿ ಉಳಿಯುತ್ತದೆ. ಕೇಳುವವರಿಗೆ ಮಾತ್ರ ಎಲ್ಲವೂ ಒಂದೇ ಮನೆಯಂತೆ ಕಾಣುತ್ತದೆ.

ಹಳೆಯ ಚಿಂತೆ, ಹೊಸ ಯಂತ್ರ

ಡೇಟಾವನ್ನು ಅಡ್ಡಸಾಲು, ಕಂಬಸಾಲುಗಳ ಟೇಬಲ್ಲಾಗಿ ನೋಡುವ ಗಣಿತವನ್ನು ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಮುಂದಿಟ್ಟರು. ಅದೇ ದಶಕದ ಕೊನೆಗೆ ಅಮೆರಿಕದ ಕಂಪ್ಯೂಟರ್ ಕಾರ್ಪೊರೇಷನ್ ಆಫ್ ಅಮೆರಿಕ ಸಂಸ್ಥೆ ಎಸ್‌ಡಿಡಿ-1 ಎಂಬ ವ್ಯವಸ್ಥೆ ಕಟ್ಟಿತು. ದೂರದೂರದ ಕಂಪ್ಯೂಟರುಗಳಲ್ಲಿ ಹಂಚಿಹೋದ ಡೇಟಾಬೇಸನ್ನು ಒಂದಾಗಿ ತೋರಿಸುವುದು ಅದರ ಗುರಿ. ಆಗಿನ ಅರ್ಪಾನೆಟ್ ಜಾಲದ ಲೈನುಗಳ ವೇಗ ಸೆಕೆಂಡಿಗೆ 50 ಕಿಲೋಬಿಟ್ ಮಾತ್ರ. ಆದ್ದರಿಂದ ಅದನ್ನು ಕಟ್ಟಿದವರು ಯಾವ ಡೇಟಾವನ್ನು ಕಳಿಸದೇ ಇರಬಹುದು ಎಂಬುದಕ್ಕೇ ತಲೆ ಕೆಡಿಸಿಕೊಂಡರು. ಅವರು ಬಳಸಿದ ಸೆಮಿ-ಜಾಯಿನ್ ಎಂಬ ಯುಕ್ತಿ ಇಂದಿಗೂ ಈ ವಿದ್ಯೆಯ ಜೀವಾಳ.

ಈಗಿನ ಯಂತ್ರಗಳ ಕಥೆ ಶುರುವಾಗುವುದು ಫೇಸ್‌ಬುಕ್‌ನಲ್ಲಿ. ಅಲ್ಲಿ ಜಯದೀಪ್ ಸೇನ್ ಶರ್ಮಾ, ಆಶಿಶ್ ಥುಸೂ ಮುಂತಾದವರು ಕಟ್ಟಿದ ಹೈವ್ ಅಗಾಧ ಡೇಟಾವನ್ನು ಅರಗಿಸಿಕೊಳ್ಳುತ್ತಿತ್ತು. ಆದರೆ ಪ್ರತಿ ಹಂತದ ಫಲಿತಾಂಶವನ್ನೂ ಡಿಸ್ಕಿಗೆ ಬರೆಯುತ್ತಿದ್ದುದರಿಂದ ನಿಧಾನ. 2012ರಲ್ಲಿ ಮಾರ್ಟಿನ್ ಟ್ರಾವೆರ್ಸೊ, ಡೇನ್ ಸುಂಡ್‌ಸ್ಟ್ರಾಮ್, ಡೇವಿಡ್ ಫಿಲಿಪ್ಸ್ ಮತ್ತು ಎರಿಕ್ ಹ್ವಾಂಗ್ ಸೇರಿ ಪ್ರೆಸ್ಟೊ ಎಂಬ ಎಂಜಿನ್ ಆರಂಭಿಸಿದರು. ಹಂತದಿಂದ ಹಂತಕ್ಕೆ ಡೇಟಾ ಮೆಮೊರಿಯಲ್ಲೇ ಹರಿಯುವಂತೆ ಮಾಡಿದರು. 2013ರ ಕೊನೆಗೆ ಅದನ್ನು ಎಲ್ಲರಿಗೂ ಮುಕ್ತಗೊಳಿಸಿದಾಗ ಫೇಸ್‌ಬುಕ್‌ನ ಡೇಟಾ ಉಗ್ರಾಣ 300 ಪೆಟಾಬೈಟ್‌ನಷ್ಟಿತ್ತು. ಮುಂದೆ ಯೋಜನೆ ಕವಲೊಡೆಯಿತು. ಮೂಲ ಕರ್ತೃಗಳು ಬೆಳೆಸಿದ ಕವಲಿಗೆ 2020ರ ಡಿಸೆಂಬರ್‌ನಲ್ಲಿ ಟ್ರೀನೊ ಎಂಬ ಹೆಸರು ಬಂತು. ಸೇನ್ ಶರ್ಮಾ ಮತ್ತು ಥುಸೂ 2011ರಲ್ಲಿ ಸ್ಥಾಪಿಸಿದ ಕ್ಯುಬೋಲ್ ಕಂಪನಿಯ ಬೆಂಗಳೂರು ಕಚೇರಿಯ ಎಂಜಿನಿಯರುಗಳ ಕೈಯೂ ಪ್ರೆಸ್ಟೊ ಬೆಳವಣಿಗೆಯಲ್ಲಿದೆ.

ಈ ಎಂಜಿನ್ ತನ್ನೊಳಗೆ ಡೇಟಾ ಇಟ್ಟುಕೊಳ್ಳುವುದಿಲ್ಲ. ಅದೊಂದು ಕ್ಲಸ್ಟರ್, ಅಂದರೆ ಕಂಪ್ಯೂಟರುಗಳ ಗುಂಪು. ಮೇಸ್ತ್ರಿಯಂತೆ ಒಂದು ಕೋಆರ್ಡಿನೇಟರ್, ಕೆಲಸ ಮಾಡಲು ಹಲವು ವರ್ಕರ್‌ಗಳು. ಹೊರಗಿನ ಪ್ರತಿಯೊಂದು ಡೇಟಾಬೇಸಿನ ಜೊತೆ ಮಾತಾಡಲು ಒಂದೊಂದು ಕನೆಕ್ಟರ್, ಅದು ದುಭಾಷಿ. ಹೊಸ ಮೂಲವನ್ನು ಜೋಡಿಸಲು ನಾಲ್ಕೈದು ಸಾಲಿನ ಒಂದು ಪುಟ್ಟ ಫೈಲ್ ಸಾಕು: ಯಾವ ಕನೆಕ್ಟರ್, ಯಾವ ವಿಳಾಸ, ಯಾವ ಬಳಕೆದಾರ, ಯಾವ ಗುಪ್ತಪದ. ಆಮೇಲೆ ಪ್ರತಿ ಟೇಬಲ್ಲಿಗೂ ಮೂರು ಭಾಗದ ಹೆಸರು. ನಮ್ಮ ಉದಾಹರಣೆಯಲ್ಲಿ ‘ಬೆಂಗಳೂರು.ಅಂಗಡಿ.ಗ್ರಾಹಕರು’, ‘ಮುಂಬೈ.ಅಂಗಡಿ.ಮಾರಾಟ’. ಎರಡನ್ನೂ ಒಂದೇ ವಾಕ್ಯದಲ್ಲಿ ಕೂಡಿಸಿ ಕೇಳಬಹುದು.

ಒಂದೇ ಕ್ಲಸ್ಟರ್ ಬೆಂಗಳೂರಿನಲ್ಲಿ ಕೂತು ಮುಂಬೈಯ ಫೈಲುಗಳನ್ನು ನೇರವಾಗಿ ಓದಿದರೆ ಕಚ್ಚಾ ಮಾಲೆಲ್ಲ ದೂರದ ಲೈನಿನ ಮೇಲೆ ಬರಬೇಕಾಗುತ್ತದೆ. ಮುಂಬೈಯಲ್ಲೂ ಒಂದು ಕ್ಲಸ್ಟರ್ ಇದ್ದರೆ ಅದು ಅಲ್ಲೇ ಸೋಸಿ, ಅಲ್ಲೇ ಕೂಡಿಸಿ, ಬೇಕಾದಷ್ಟನ್ನೇ ಕಳಿಸುತ್ತದೆ. ಟ್ರೀನೊ ಮೇಲೆ ಕಟ್ಟಿದ ಸ್ಟಾರ್‌ಬರ್ಸ್ಟ್ ಕಂಪನಿಯ ಸ್ಟಾರ್‌ಗೇಟ್, ಪ್ರೆಸ್ಟೊ ವಂಶದ್ದೇ ಆದ ಓಪನ್‌ಲೂಕೆಂಗ್‌ನ ಡೇಟಾ ಸೆಂಟರ್ ಕನೆಕ್ಟರ್, ಇವೆರಡೂ ಹೀಗೆ ಕ್ಲಸ್ಟರಿಗೆ ಕ್ಲಸ್ಟರನ್ನು ಬೆಸೆಯುತ್ತವೆ.

ಲೆಕ್ಕ ಹಾಕಿ ನೋಡೋಣ

ಮುಂಬೈಯಲ್ಲಿ ಮಾರಾಟದ 1 ಕೋಟಿ ಸಾಲುಗಳಿವೆ, ಪ್ರತಿ ಸಾಲಿಗೆ 100 ಬೈಟ್ ಎಂದಿಟ್ಟುಕೊಳ್ಳಿ. ಒಟ್ಟು 100 ಕೋಟಿ ಬೈಟ್. ನಡುವಿನ ಲೈನ್ ಸೆಕೆಂಡಿಗೆ 100 ಮೆಗಾಬಿಟ್‌ನದಾದರೆ ಎಲ್ಲವನ್ನೂ ತರಲು 80 ಸೆಕೆಂಡ್ ಬೇಕು. ಮೂರು ಜರಡಿಗಳು ಈ ಹೊರೆಯನ್ನು ಇಳಿಸುತ್ತವೆ.

ಮೊದಲನೆಯದು ತಾರೀಖು. ‘ದಸರೆಯ ವಾರ’ ಎಂಬ ಷರತ್ತನ್ನು ಮುಂಬೈಗೇ ಕಳಿಸಿದರೆ 2 ಲಕ್ಷ ಸಾಲು ಉಳಿದವು ಎನ್ನೋಣ. ಅಂದರೆ 2 ಕೋಟಿ ಬೈಟ್. ಎರಡನೆಯದು ಕಂಬಸಾಲು. ನಮಗೆ ಬೇಕಾದ್ದು ಗ್ರಾಹಕರ ಗುರುತಿನ ಸಂಖ್ಯೆ ಮತ್ತು ಮೊತ್ತ ಮಾತ್ರ, ತಲಾ 8 ಬೈಟ್. ಹೊರೆ 32 ಲಕ್ಷ ಬೈಟಿಗೆ ಇಳಿಯಿತು. ಮೂರನೆಯದರಲ್ಲಿ ಎಸ್‌ಡಿಡಿ-1 ಕಾಲದ ಯುಕ್ತಿ ಹೊಸ ಹೆಸರಿನಲ್ಲಿ ಬರುತ್ತದೆ: ಡೈನಮಿಕ್ ಫಿಲ್ಟರ್. ಮೊದಲು ಬೆಂಗಳೂರಿನಲ್ಲಿ ಹುಬ್ಬಳ್ಳಿಯ 2,000 ಗ್ರಾಹಕರ ಸಂಖ್ಯೆಗಳನ್ನು ಹೆಕ್ಕಬೇಕು. ಆ 16,000 ಬೈಟಿನ ಪಟ್ಟಿಯನ್ನು ಮುಂಬೈಗೆ ಕಳಿಸಿ, ‘ಇವರ ಮಾರಾಟವನ್ನಷ್ಟೇ ಕೊಡು’ ಎನ್ನಬೇಕು. ಅಲ್ಲಿಂದ 1,200 ಸಾಲು ಬಂತೆಂದರೆ 19,200 ಬೈಟ್. ಹೋದದ್ದೂ ಬಂದದ್ದೂ ಸೇರಿ 35,200 ಬೈಟ್, ಮೊದಲಿನ ಹೊರೆಯ ಇಪ್ಪತ್ತೆಂಟು ಸಾವಿರದಲ್ಲಿ ಒಂದು ಪಾಲಿನಷ್ಟು.

ಎಡವುವ ಜಾಗಗಳು

ಈ ಜರಡಿಗಳು ತಾವಾಗಿಯೇ ಕೆಲಸ ಮಾಡುತ್ತವೆಂದು ನಂಬಿ ಕೂರುವಂತಿಲ್ಲ. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್‌ನಂಥ ಮೂಲಗಳಿಗೆ ಟ್ರೀನೊ ಕಳಿಸುವ ಪಟ್ಟಿಗೆ ಒಂದು ಮಿತಿ ಇದೆ. ಬೇರೆ ಹೇಳದಿದ್ದರೆ ಅದು 256. ಪಟ್ಟಿ ಅದಕ್ಕಿಂತ ಉದ್ದವಾದರೆ ಎಂಜಿನ್ ಅದನ್ನು ‘ಅತಿ ಚಿಕ್ಕ ಸಂಖ್ಯೆಯಿಂದ ಅತಿ ದೊಡ್ಡ ಸಂಖ್ಯೆಯವರೆಗೆ’ ಎಂದು ಸಂಕ್ಷೇಪಿಸಿಬಿಡುತ್ತದೆ. ನಮ್ಮ 2,000 ಗ್ರಾಹಕರ ಸಂಖ್ಯೆಗಳು 37ರಿಂದ 9,99,412ರವರೆಗೆ ಚದುರಿದ್ದರೆ ಆ ಜರಡಿಯ ಕಣ್ಣು ಎಷ್ಟು ಅಗಲವೆಂದರೆ ಹೆಚ್ಚುಕಡಿಮೆ ಎಲ್ಲವೂ ದಾಟಿ ಬರುತ್ತದೆ. ಉತ್ತರ ತಪ್ಪುವುದಿಲ್ಲ, ಏಕೆಂದರೆ ಎಂಜಿನ್ ತನ್ನಲ್ಲಿ ಮತ್ತೆ ಹೋಲಿಸಿ ನೋಡುತ್ತದೆ. ಆದರೆ ಉಳಿತಾಯ ಮಾಯ. ಮಿತಿಯನ್ನು ಏರಿಸಿದರೆ ಸರಿಹೋಗುತ್ತದೆ. ಹಾಗೆ ಏರಿಸಬೇಕೆಂದು ತಿಳಿಯಲು ಮೊದಲು ಎಂಜಿನ್ ಹಾಕಿಕೊಂಡ ಪ್ಲಾನ್, ಅಂದರೆ ಕೆಲಸದ ಯೋಜನೆ, ಓದಬೇಕು.

ಅಕ್ಷರಗಳದ್ದು ಇನ್ನೊಂದು ತೊಡಕು. ಮೈಎಸ್‌ಕ್ಯೂಎಲ್ ಸಾಮಾನ್ಯವಾಗಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಎಂದು ಭೇದ ಮಾಡುವುದಿಲ್ಲ. ಟ್ರೀನೊ ಮಾಡುತ್ತದೆ. ಇಬ್ಬರ ಉತ್ತರ ಬೇರೆಯಾಗಬಾರದೆಂದು ಟ್ರೀನೊ ಅಕ್ಷರರೂಪದ ಷರತ್ತನ್ನು ಮೈಎಸ್‌ಕ್ಯೂಎಲ್‌ಗೆ ಕಳಿಸುವುದೇ ಇಲ್ಲ, ಸಾಲುಗಳನ್ನೆಲ್ಲ ತಂದುಕೊಂಡು ತಾನೇ ಸೋಸುತ್ತದೆ. ವೇಗಕ್ಕಿಂತ ಸರಿಯಾದ ಉತ್ತರ ದೊಡ್ಡದು ಎಂಬ ಈ ತೀರ್ಮಾನ ನನಗೆ ಬಹಳ ಮೆಚ್ಚುಗೆ. ಹೀಗಾಗಿ ಊರಿನ ಹೆಸರಿನ ಬದಲು ಅಂಕಿಯಲ್ಲಿಟ್ಟ ಪಿನ್‌ಕೋಡ್ ಮೇಲೆ ಷರತ್ತು ಹಾಕಿದರೆ ಕೆಲಸ ಹಗುರ.

ಎರಡು ಊರಿನ ಡೇಟಾವನ್ನು ಒಂದೇ ಕ್ಷಣದಲ್ಲಿ ಓದಿದಂತಲ್ಲ ಎಂಬುದನ್ನೂ ಮರೆಯಬಾರದು. ಬೆಂಗಳೂರಿನ ಪಟ್ಟಿ ತಯಾರಾಗಿ ಮುಂಬೈ ತಲುಪುವಷ್ಟರಲ್ಲಿ ಹುಬ್ಬಳ್ಳಿಯಲ್ಲಿ ಹೊಸ ಗ್ರಾಹಕರೊಬ್ಬರು ಸೇರಿರಬಹುದು. ವಾರದ ಮಾರಾಟದ ಅಂದಾಜಿಗೆ ಅದು ಲೆಕ್ಕಕ್ಕಿಲ್ಲ, ಬ್ಯಾಂಕ್ ಖಾತೆಯ ತಾಳೆಗೆ ಮಾತ್ರ ಈ ದಾರಿ ಸಲ್ಲದು.

ಆದ್ದರಿಂದ ಇಂಥ ವ್ಯವಸ್ಥೆ ಕಟ್ಟುವವರು ಮೊದಲು ಕಲಿಯಬೇಕಾದ ಪದ ‘ಎಕ್ಸ್‌ಪ್ಲೇನ್’. ಪ್ರಶ್ನೆಯ ಮುಂದೆ ಅದನ್ನು ಸೇರಿಸಿದರೆ ಎಂಜಿನ್ ಉತ್ತರ ಹುಡುಕದೆ ತನ್ನ ಪ್ಲಾನ್ ಮಾತ್ರ ತೋರಿಸುತ್ತದೆ. ಷರತ್ತು ದೂರದ ಮೂಲಕ್ಕೆ ಪೂರ್ತಿ ರವಾನೆಯಾಗಿದ್ದರೆ ಪ್ಲಾನಿನಲ್ಲಿ ಫಿಲ್ಟರ್ ಎಂಬ ಹಂತವೇ ಇರುವುದಿಲ್ಲ. ಇದ್ದರೆ, ಸೋಸುವ ಕೆಲಸ ಇಲ್ಲಿ ನಡೆಯುತ್ತಿದೆ ಎಂದರ್ಥ. ಎರಡು ನಿಮಿಷದ ಈ ಓದು ದಿನವಿಡೀ ಲೈನ್ ತುಂಬಿ ನಿಲ್ಲುವುದನ್ನು ತಪ್ಪಿಸುತ್ತದೆ.

ಮ್ಯಾನೇಜರಿಗೆ ತಮ್ಮ ಅಂಕಿ ಸಿಕ್ಕಿತು. ಅದಕ್ಕಾಗಿ ಬೆಂಗಳೂರಿನಿಂದ ಹೊರಟದ್ದು 2,000 ಸಂಖ್ಯೆಗಳು. ಆ ಗ್ರಾಹಕರ ಹೆಸರು, ಮನೆ ವಿಳಾಸ, ಫೋನ್ ನಂಬರ್ ಯಾವುದೂ ಇದ್ದ ಜಾಗ ಬಿಟ್ಟು ಕದಲಲಿಲ್ಲ.