ಶೆಡ್ಡಿನ ಕಾರು ಸುರು ಆದರ ಸಾಲದು, ನಿಲ್ಲಬೇಕು!

ಬೈರಿದೇವರಕೊಪ್ಪ: ಚಿಗರಿ ಬಸ್ಸಿನಲ್ಲಿ ಕುಂತವರಿಗೆ ಈ ಊರು ಕಣ್ಣುಮುಚ್ಚಿ ತೆಗೆಯುವುದರೊಳಗೆ ಹಿಂದೆ ಸರಿಯುತ್ತದೆ. ಉಣಕಲ್ ಕೆರೆ ಹೋಯಿತು, ನವನಗರ ಬಂತು, ಅಷ್ಟೇ. ಬೈಪಾಸ್ ಆಗುವ ಮೊದಲು ಪುಣೆ-ಬೆಂಗಳೂರು ಗಾಡಿಗಳೆಲ್ಲ ಊರ ಮುಂದಿನಿಂದಲೇ ಹಾಯುತ್ತಿದ್ದವು. ಆಗ ಕಾರೆಂದರೆ ಹೆಚ್ಚಾಗಿ ಎರಡೇ ಜಾತಿ. ಒಂದು ಉತ್ತರಪಾಡಾದ ಅಂಬಾಸಡರ್, ಇನ್ನೊಂದು ಮುಂಬೈ ಕುರ್ಲಾದ ಫಿಯೆಟ್. ಈ ಫಿಯೆಟ್ಟೇ 1970ರ ದಶಕದಲ್ಲಿ ಪದ್ಮಿನಿ ಆಯಿತು.

ಅವಳಿ ನಗರದ ಹಳೇ ಮನೆಗಳಲ್ಲಿ ಯಜಮಾನ ತೀರಿಕೊಂಡ ಮೇಲೆ ಇಂಥ ಕಾರು ಶೆಡ್ಡು ಸೇರಿಬಿಡುತ್ತದೆ. ಮೇಲೆ ಜೋಳದ ಚೀಲ, ಒಳಗೆ ಇಲಿಯ ಸಂಸಾರ. ಗುಜರಿಯವ ಬಂದು ಕಿಲೋ ಲೆಕ್ಕದಲ್ಲಿ ಕೇಳುತ್ತಾನೆ. ಮನೆಯಾಕೆ "ಕೊಟ್ಟಬಿಡ್ರಿ" ಎನ್ನುತ್ತಾಳೆ. ಮೊಮ್ಮಗ ಮಾತ್ರ "ಅಜ್ಜನ ಕಾರು, ಸುರು ಮಾಡೋಣು" ಎಂದು ಹೊಸ ಬ್ಯಾಟರಿ ತಂದು ಕೀಲಿ ತಿರುವಲು ನಿಲ್ಲುತ್ತಾನೆ.

ಕೆಲಸ ಕೆಡುವುದು ಅಲ್ಲೇ! ವರ್ಷಗಟ್ಟಲೆ ನಿಂತ ಇಂಜಿನ್ನಿನಲ್ಲಿ ಆಯಿಲ್ ಪೂರಾ ಕೆಳಗಿಳಿದಿರುತ್ತದೆ. ಪಿಸ್ಟನ್ ರಿಂಗು ಸಿಲಿಂಡರಿಗೆ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ. ಒಣಗಿದ ಇಂಜಿನ್ನನ್ನು ಸೆಲ್ಫ್ ಹೊಡೆದು ತಿರುಗಿಸಿದರೆ ರಿಂಗು ಮುರಿಯಬಹುದು, ಬೋರಿಗೆ ಗೀರು ಬೀಳಬಹುದು. ಆಮೇಲೆ ಖರ್ಚಿಗೆ ಮಿತಿಯಿಲ್ಲ.

ಬಲ್ಲ ಮಿಸ್ತ್ರಿಗಳು ಮೊದಲು ಪ್ಲಗ್ ಬಿಚ್ಚುತ್ತಾರೆ. ನಾಲ್ಕೂ ತೂತಿಗೆ ಒಂದೊಂದು ಚಮಚೆ ಆಯಿಲ್ ಬಿಟ್ಟು ಒಂದೆರಡು ದಿನ ಸುಮ್ಮನಿರುತ್ತಾರೆ. ಆಮೇಲೆ ಕೀಲಿ ಬಂದ್ ಇಟ್ಟು, ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡಲ್‌ನಿಂದ ಕೈಯಲ್ಲೇ ಮೆಲ್ಲಗೆ ತಿರುವುವುದು. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರಬೇಕು, ಸುತ್ತಿ ಹಿಡಿಯಬಾರದು. ಹ್ಯಾಂಡಲ್ ಹಿಂದಕ್ಕೆ ಒದ್ದರೆ ಹೆಬ್ಬೆರಳಿನ ಎಲುಬೇ ಮುರಿಯುತ್ತದೆ. ಹಳೇ ಡ್ರೈವರುಗಳಿಗೆ ಇದು ಹೇಳಿಕೊಡದೇ ಗೊತ್ತಿತ್ತು.

ಟಾಕಿಯೊಳಗಿನ ಪೆಟ್ರೋಲು ಅಂಟಾಗಿ, ನಾರುತ್ತಿರುತ್ತದೆ. ಅದನ್ನು ಬಳಸದೆ ಪೂರಾ ತೆಗೆದು, ಟಾಕಿ ತೊಳೆದು, ಕಾರ್ಬುರೇಟರ್ ಬಿಚ್ಚಿ ಸ್ವಚ್ಛ ಮಾಡಬೇಕು. ಹೊಸ ಪೆಟ್ರೋಲಿನ ತಕರಾರು ಬೇರೆ. ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಿಂದಲೇ ದೇಶಕ್ಕೆ ಬಿಡುಗಡೆಯಾಯಿತು. ಎಥೆನಾಲ್ ನೀರು ಎಳೆದುಕೊಳ್ಳುತ್ತದೆ, ಹಳೇ ರಬ್ಬರ್ ಪೈಪನ್ನು ತಿನ್ನುತ್ತದೆ. ಪೈಪ್ ಸೋರಿ ಬಿಸಿ ಇಂಜಿನ್ ಮೇಲೆ ಪೆಟ್ರೋಲು ಬಿದ್ದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕೆ? ಪೈಪು ಹೊಸದೇ ಹಾಕಿಸಬೇಕು. ಇಲಿ ಕಡಿದ ವಾಯರೂ ಅಷ್ಟೇ.

ಇಷ್ಟೆಲ್ಲ ಮಾಡಿದ ಮೇಲೆ ಇಂಜಿನ್ ಗುರ್ರ್ ಎಂದರೆ ಮನೆಮಂದಿ ತೆಂಗಿನಕಾಯಿ ತರುತ್ತಾರೆ. ತಡೀರಿ! ಸುರು ಆಗುವುದು ಅಂಥ ದೊಡ್ಡ ಕೆಲಸವಲ್ಲ, ನಿಲ್ಲುವುದೇ ದೊಡ್ಡದು. ಹಳೇ ಮಾಡೆಲ್‌ಗಳಲ್ಲಿ ನಾಲ್ಕೂ ಗಾಲಿಗೆ ಬ್ರೇಕಿನದು ಒಂದೇ ಲೈನು. ಎಲ್ಲಿಯಾದರೂ ಒಂದು ಕಡೆ ಸೋರಿದರೆ ನಾಲ್ಕೂ ಹೋದವು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿ ಒಳಗೇ ತುಕ್ಕು ಹಿಡಿಸಿರುತ್ತದೆ, ರಬ್ಬರ್ ಒಣಗಿರುತ್ತದೆ. ಶೆಡ್ಡಿನಲ್ಲಿ ಪೆಡಲ್ ಗಟ್ಟಿ ಇದ್ದಂತೆ ಕಂಡರೂ ಪಿ.ಬಿ. ರೋಡಿನಲ್ಲಿ ಎದುರಿಗೆ ಶಾಲೆಯ ಹುಡುಗ ಬಂದಾಗ ಅದು ನೆಲಕ್ಕೆ ಹೋಗಿ ಕೂಡಬಹುದು. ಮಾಸ್ಟರ್ ಸಿಲಿಂಡರ್, ಗಾಲಿಯ ಸಿಲಿಂಡರ್, ಹೋಸ್ ಪೈಪು ಬದಲಾಯಿಸದೆ ಕಾರು ಶೆಡ್ಡಿನ ಹೊಸ್ತಿಲು ದಾಟಬಾರದು. ಟಾಯರ್ ಹಲ್ಲು ಚೆನ್ನಾಗಿದ್ದರೂ ಬದಿ ಸೀಳು ಬಿಟ್ಟಿದ್ದರೆ ಎಸೆಯುವುದೇ ಸರಿ.

ಸಾಮಾನು ಸಿಗುತ್ತದೆಯೇ? ಅಂಬಾಸಡರ್ ತಯಾರಿಕೆ 2014ರಲ್ಲಿ ನಿಂತಿತು, ಪದ್ಮಿನಿ ಅದಕ್ಕೂ ಮೊದಲೇ. ಆದರೂ ಬೆಂಗಳೂರಿನ ಜೆ.ಸಿ. ರಸ್ತೆ, ಮುಂಬೈನ ಕುರ್ಲಾ ಹುಡುಕಿದವರು ಬರಿಗೈಲಿ ಬರುವುದು ಕಡಿಮೆ. ರೊಕ್ಕ ಮಾತ್ರ ಬೇಕು. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಹಳೇ ಕಾರುಗಳನ್ನು ಕೂಡಿಸಿ, ಶ್ರೀರಂಗಪಟ್ಟಣದ ಹತ್ತಿರ 'ಪಯಣ' ಸಂಗ್ರಹಾಲಯ ಮಾಡಿಸಿದ್ದಾರೆ. 2023ರಲ್ಲಿ ತೆರೆಯಿತು. ಜೋಡಿಸಿ ನಿಲ್ಲಿಸಿದ ಹಳೇ ಕಾರು ಹೇಗಿರುತ್ತದೆಂದು ನೋಡಬೇಕೆಂದರೆ ಮೈಸೂರಿಗೆ ಹೋದಾಗ ಇಳಿದು ನೋಡಬಹುದು.

ಇನ್ನು ಕಾಗದಪತ್ರ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 20 ವರ್ಷ ದಾಟಿದ ಕಾರಿಗೆ ಇದರ ಫೀ 2025ರ ಆಗಸ್ಟ್‌ನಲ್ಲಿ 10 ಸಾವಿರ ರೂಪಾಯಿಗೆ ಏರಿತು. 50 ವರ್ಷ ಮೀರಿ ಮೂಲ ರೂಪದಲ್ಲೇ ಉಳಿದಿದ್ದರೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಉಂಟು. ಅದರ ಫೀ 20 ಸಾವಿರ, ಅವಧಿ 10 ವರ್ಷ. ಹಳೇ ನಂಬರು ಉಳಿಸಿಕೊಳ್ಳಬಹುದು. ಆದರೆ ದಿನಾ ಅಂಗಡಿಗೆ ಹೋಗಿಬರಲು ಆ ಕಾರು ಬಳಸುವಂತಿಲ್ಲ. ಇದನ್ನು ಮೊದಲೇ ಕೇಳಿಕೊಳ್ಳದೆ ದುಡ್ಡು ಸುರಿದವನು ಆಮೇಲೆ ಯಾರನ್ನು ಬೈಯಬೇಕು?

ಮೊದಲ ದಿನ ಪಿ.ಬಿ. ರೋಡು ಬೇಡ. ಬೆಳಗಿನ ಜಾವ ಓಣಿಯೊಳಗೆ, ನಡೆಯುವ ವೇಗದಲ್ಲಿ ಐದು ನಿಮಿಷ ಸಾಕು. ಇಳಿದು ನಾಲ್ಕೂ ಗಾಲಿಯ ಹತ್ತಿರ ಕೈ ಹಿಡಿದು ನೋಡಬೇಕು. ಒಂದು ಮಾತ್ರ ಬಿಸಿ ಹತ್ತಿದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ ಎಂದರ್ಥ. ಅಂದು ಕಾರು ಮತ್ತೆ ಶೆಡ್ಡಿಗೆ, ಮೊಮ್ಮಗ ಚಿಗರಿ ಬಸ್ಸಿಗೆ.