ಮಾತಿಗೆ ಮುಂಚಿನ ಒಪ್ಪಂದ

ದಾಂಡೇಲಿಯ ಪೇಟೆಯಲ್ಲಿ ಕನ್ನಡ, ಕೊಂಕಣಿ, ಮರಾಠಿ, ಉರ್ದು ಎಲ್ಲವೂ ಕಿವಿಗೆ ಬೀಳುತ್ತವೆ. ಕಾಡಿನ ಮರ, 1950ರ ದಶಕದಲ್ಲಿ ಬಂದ ಕಾಗದದ ಕಾರ್ಖಾನೆ ನಾನಾ ಕಡೆಯ ಜನರನ್ನು ಇಲ್ಲಿಗೆ ಕರೆತಂದವು. ಅಂಗಡಿಯವರು ಗಿರಾಕಿಯ ಮೊದಲ ಮಾತು ಕೇಳಿ, ಯಾವ ಭಾಷೆಯಲ್ಲಿ ವ್ಯವಹರಿಸಬೇಕೆಂದು ನಿರ್ಧರಿಸುತ್ತಾರೆ. ವ್ಯಾಪಾರ ಆಮೇಲೆ. ಗಣಕದೊಳಗಿನ ತಂತ್ರಾಂಶಗಳು ತಮ್ಮತಮ್ಮಲ್ಲಿ ಮಾತಾಡುವಾಗಲೂ ಕ್ರಮ ಇದೇ.

ಚಿತ್ರ, ಗುಂಡಿಗಳ ಹಂಗಿಲ್ಲದೆ, ಆಜ್ಞೆಗಳನ್ನು ಬೆರಳಚ್ಚಿಸಿಯೇ ಗಣಕವನ್ನು ದುಡಿಸುವ ತಂತ್ರಾಂಶಕ್ಕೆ 'ಶೆಲ್' ಎಂದು ಹೆಸರು. 2019ರಲ್ಲಿ ಹೊರಬಂದ 'ನುಶೆಲ್' ಅಂಥದೊಂದು. ತನಗೆ ಬಾರದ ಕೆಲಸವನ್ನು ಅದು 'ಪ್ಲಗಿನ್' ಎಂಬ ಸಹಾಯಕ ತಂತ್ರಾಂಶಕ್ಕೆ ಒಪ್ಪಿಸುತ್ತದೆ. ಪ್ಲಗಿನ್ ಮೊಟ್ಟಮೊದಲು ತಿಳಿಸುವುದು, ತಾನು ಯಾವ ಕ್ರಮದಲ್ಲಿ ಮಾತಾಡುತ್ತೇನೆ ಎಂಬುದನ್ನು: ಜೇಸನ್ ಅಥವಾ ಮೆಸೇಜ್‌ಪ್ಯಾಕ್.

ಇವೆರಡರ ವ್ಯತ್ಯಾಸವನ್ನು ಈ ಊರಿನ ಹೆಸರಿನಿಂದಲೇ ತಿಳಿಯಬಹುದು. 'ದಾಂಡೇಲಿ'ಯನ್ನು ಗಣಕ ದ, ಅದರ ಇಳಿ, ಸೊನ್ನೆ, ಡ, ಅದರ ಏತ್ವದ ದೀರ್ಘ, ಲ, ಅದರ ಗುಡಿಸು ಎಂದು 7 ಸಂಕೇತಗಳಾಗಿ ಬಿಡಿಸುತ್ತದೆ. ಯುನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್, ಒಟ್ಟು 21.

ಜೇಸನ್ ಈ ಹೆಸರಿನ ಆಚೀಚೆ ಉದ್ಧರಣ ಚಿಹ್ನೆ ಹಾಕುತ್ತದೆ: 23 ಬೈಟ್. ಓದುವ ತಂತ್ರಾಂಶ ಮುಕ್ತಾಯದ ಚಿಹ್ನೆ ಸಿಗುವ ತನಕ ಹುಡುಕುತ್ತ ಹೋಗಬೇಕು. ಆದರೆ ಎಲ್ಲಾದರೂ ತಪ್ಪಿದರೆ ಮನುಷ್ಯನೇ ಓದಿ ತಿದ್ದಬಹುದು. ಮೆಸೇಜ್‌ಪ್ಯಾಕ್ 'ಮುಂದಿನ 21 ಬೈಟ್ ಅಕ್ಷರಗಳು' ಎಂದು ಒಂದೇ ಬೈಟಿನಲ್ಲಿ ಮೊದಲೇ ಸಾರುತ್ತದೆ: 22 ಬೈಟ್. ಹುಡುಕಾಟ ತಪ್ಪುತ್ತದೆ, ಕೆಲಸ ಬೇಗ ಆಗುತ್ತದೆ. ಆದರೆ ನಾವು ಅದನ್ನು ನೇರವಾಗಿ ಓದಲಾರೆವು.

ಒಪ್ಪಂದ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಕನ್ನಡ ಅನುಭವಿಸಿದೆ. 1991ರ ಭಾರತೀಯ ಮಾನಕ 'ಇಸ್ಕಿ'ಯಲ್ಲಿ 'ದಾಂಡೇಲಿ'ಗೆ 7 ಬೈಟ್ ಸಾಕಿತ್ತು. ಆದರೆ ಕನ್ನಡದ ದಕಾರಕ್ಕೂ ನಾಗರಿಯ ದಕಾರಕ್ಕೂ ಅಲ್ಲಿ ಒಂದೇ ಸಂಕೇತ. ಲಿಪಿ ಯಾವುದೆಂದು ಬೇರೆಯಾಗಿ ಹೇಳಬೇಕಿತ್ತು. ಇನ್ನು ಯುನಿಕೋಡ್ ಬಳಕೆಗೆ ಬರುವ ಮುಂಚೆ ಅನೇಕ ಕನ್ನಡ ತಂತ್ರಾಂಶಗಳು ತಮ್ಮತಮ್ಮ ಫಾಂಟಿಗೆ ತಕ್ಕ ಸಂಕೇತಗಳನ್ನು ಬಳಸಿದವು. ಒಂದರಲ್ಲಿ ಬರೆದ ಅರ್ಜಿ ಇನ್ನೊಂದರಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತಿತ್ತು. ಅಂಥ ಹಳೆಯ ಕಡತಗಳಲ್ಲಿ ಒಂದು ಹೆಸರು ಹುಡುಕಬೇಕಾದರೂ ಮೊದಲು ಅವನ್ನು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಜೇಸನ್, ಮೆಸೇಜ್‌ಪ್ಯಾಕ್ ಎರಡೂ ಲಕೋಟೆಗಳಿದ್ದಂತೆ. ವಿನಿಮಯದಲ್ಲಿ ಎರಡರೊಳಗಿನ ಅಕ್ಷರಗಳೂ ಯುಟಿಎಫ್-8ರಲ್ಲೇ ಇರಬೇಕೆಂಬುದು ಈಗಿನ ನಿಯಮ. 7ರ ಬದಲು 21 ಬೈಟ್ ತೆತ್ತು ಕನ್ನಡ ಪಡೆದದ್ದು ಇದನ್ನೇ: ಯಾವ ಲಕೋಟೆಯಲ್ಲಿ ಹೋದರೂ ದಾಂಡೇಲಿ ದಾಂಡೇಲಿಯಾಗಿಯೇ ತಲುಪುತ್ತದೆ.